ಪಿಕಪ್ಪು, ಗಾಳಿ, ಗರಿಷ್ಠ ವೇಗ: ಕೆಲವು ಟಿಪ್ಪಣಿಗಳು

● 1969ರ ಎರಡು ಡಾಡ್ಜ್ ಚಾರ್ಜರ್ ಕಾರುಗಳು. ಎರಡಕ್ಕೂ 426 ಹೆಮಿ ಎಂಜಿನ್, ಕಾಗದದ ಮೇಲೆ ತಲಾ 425 ಅಶ್ವಶಕ್ತಿ. ಹಾಗಿದ್ದೂ ಸಿಗ್ನಲ್‌ನಲ್ಲಿ ಮೊದಲು ಚಿಮ್ಮಿದ ಕಾರೇ ಹೆದ್ದಾರಿಯಲ್ಲಿ ಹಿಂದೆ ಬೀಳುವುದುಂಟು. ಇದು ಹೇಗೆ?

● ಅರ್ಧ ಉತ್ತರ ಹಿಂದಿನ ಆ್ಯಕ್ಸಲ್‌ನ ಕ್ರೌನ್-ಪಿನಿಯನ್‌ನಲ್ಲಿದೆ. ಅನುಪಾತ 4.10 ಇದ್ದರೆ ಪ್ರೊಪೆಲರ್ ಶಾಫ್ಟ್ 4.10 ಸುತ್ತು ತಿರುಗಿದಾಗ ಚಕ್ರ ತಿರುಗುವುದು ಒಂದೇ ಸುತ್ತು. ಎಳೆತ ಹೆಚ್ಚು, ಓಟ ಕಡಿಮೆ. ಅಂದಿನ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಓವರ್‌ಡ್ರೈವ್ ಇರಲಿಲ್ಲ. ಟಾಪ್ ಗೇರಿನಲ್ಲಿ ಎಂಜಿನ್ ತಿರುಗಿದಷ್ಟೇ ಶಾಫ್ಟೂ ತಿರುಗುತ್ತದೆ.

● ಲೆಕ್ಕ ಹಾಕಿ ನೋಡಿದೆ. 27 ಇಂಚು ವ್ಯಾಸದ ಟೈರು ಒಂದು ಸುತ್ತಿಗೆ ಸುಮಾರು 2.15 ಮೀಟರ್ ಸಾಗುತ್ತದೆ. 6000 ಆರ್‌ಪಿಎಂನಲ್ಲಿ 4.10ರ ಕಾರಿಗೆ ಗಂಟೆಗೆ 189 ಕಿ.ಮೀ., 3.23ರ ಕಾರಿಗೆ 240 ಕಿ.ಮೀ. ಕಾಲು ಮೈಲಿಯ ಡ್ರ್ಯಾಗ್ ರೇಸಿನ ಹುಚ್ಚಿದ್ದವರು ಮೊದಲನೆಯದನ್ನೇ ಕೇಳಿ ಹಾಕಿಸಿಕೊಳ್ಳುತ್ತಿದ್ದರು.

● ಹಾಗಾದರೆ ಅನುಪಾತವನ್ನು 2.76ಕ್ಕೆ ಇಳಿಸಿಬಿಟ್ಟರೆ? ಕಾಗದದ ಮೇಲೆ 280 ಬರುತ್ತದೆ, ರಸ್ತೆಯ ಮೇಲೆ ಬರುವುದಿಲ್ಲ. ಉಳಿದರ್ಧ ಉತ್ತರ ಗಾಳಿಯಲ್ಲಿದೆ: ಅದರ ತಡೆ ವೇಗದ ವರ್ಗದಷ್ಟು ಏರುತ್ತದೆ. ಅದನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು. 200ರಿಂದ 250 ಕಿ.ಮೀ.ಗೆ ಹೋಗಲು ಹೆಚ್ಚುಕಡಿಮೆ ಇಮ್ಮಡಿ ಶಕ್ತಿ ಬೇಕು. ಅನುಪಾತ ಅತಿಯಾಗಿ ಇಳಿದರೆ ಎಂಜಿನ್ ತನ್ನ ಪೂರ್ಣ ಶಕ್ತಿಯ ಆರ್‌ಪಿಎಂ ಮುಟ್ಟುವ ಮೊದಲೇ ಗಾಳಿ ಹಿಡಿದು ನಿಲ್ಲಿಸುತ್ತದೆ. ಆಗ ಗರಿಷ್ಠ ವೇಗ ಹೆಚ್ಚುವ ಬದಲು ತಗ್ಗಲೂಬಹುದು!

● ಆ 425 ಅಶ್ವಶಕ್ತಿಯನ್ನೂ ಪೂರ್ತಿ ನಂಬುವಂತಿಲ್ಲ. ಸೈಲೆನ್ಸರ್, ಏರ್ ಫಿಲ್ಟರ್‌ಗಳ ಹೊರೆಯಿಲ್ಲದೆ ಎಂಜಿನ್ನನ್ನು ಬೆಂಚಿನ ಮೇಲೆ ಅಳೆದ ಅಂಕಿ ಅದು. ಅಮೆರಿಕದ ಕಂಪನಿಗಳು ಕಾರಿನಲ್ಲಿ ಕೂರಿಸಿದ ಸ್ಥಿತಿಯ ಅಂಕಿ ಕೊಡಲು ಶುರುಮಾಡಿದ್ದು 1972ರ ಮಾಡೆಲ್‌ಗಳ ಹೊತ್ತಿಗೆ.

● ಚಾರ್ಜರ್‌ನ ಅಂದವೇ ಅದರ ವೇಗಕ್ಕೆ ಅಡ್ಡಿಯಾಗಿತ್ತು. ಒಳಸರಿದ ಗ್ರಿಲ್ ಗಾಳಿಯನ್ನು ಬಾಚಿ ಹಿಡಿಯುತ್ತಿತ್ತು. ಎರಡು ಇಳಿಜಾರು ಕಂಬಗಳ ನಡುವೆ ಹುದುಗಿದ ಹಿಂಗಾಜಿನ ಬಳಿ ಗಾಳಿ ಸುಳಿಯಾಗಿ ಕಾರಿನ ಹಿಂಭಾಗವನ್ನೇ ಮೇಲೆತ್ತುತ್ತಿತ್ತು. ಅಮೆರಿಕದ ಸ್ಟಾಕ್ ಕಾರು ರೇಸಾದ ನ್ಯಾಸ್ಕಾರ್‌ಗಾಗಿ ಬಂದ ‘ಚಾರ್ಜರ್ 500’ರಲ್ಲಿ ಎರಡನ್ನೂ ಮೈಮಟ್ಟಕ್ಕೆ ತಂದರು. ಅಷ್ಟೂ ಸಾಲದೆ 1969ರಲ್ಲೇ ‘ಚಾರ್ಜರ್ ಡೇಟೋನಾ’ ಬಂತು: ಮುಂದೆ ಚೂಪು ಮೂತಿ, ಹಿಂದೆ ಸುಮಾರು ಎರಡು ಅಡಿ ಎತ್ತರದ ರೆಕ್ಕೆ.

● ರೆಕ್ಕೆ ಅಷ್ಟು ಎತ್ತರ ಯಾಕೆ? ಡಿಕ್ಕಿಯ ಬಾಗಿಲು ತೆರೆಯಲಿ ಎಂದೇ ಹಾಗೆ ಮಾಡಿದರು ಎಂಬ ಮಾತು ಇಂದಿಗೂ ಓಡಾಡುತ್ತಿದೆ. ನನಗೆ ಹೆಚ್ಚು ಒಪ್ಪಿಗೆಯಾಗುವ ಕಾರಣ ಬೇರೆ: ಮಾಡಿನ ಹಿಂದಿನ ಕದಡಿದ ಗಾಳಿಗಿಂತ ಮೇಲಿದ್ದರೆ ರೆಕ್ಕೆಗೆ ನೆಟ್ಟಗಿನ ಗಾಳಿ ಸಿಗುತ್ತದೆ, ಹಿಂಚಕ್ರ ನೆಲಕ್ಕೆ ಒತ್ತಿ ಕೂರುತ್ತದೆ.

● ಫಲ: 1970ರ ಮಾರ್ಚ್ 24, ಅಲಬಾಮಾದ ಟಾಲಡೇಗ ಟ್ರ್ಯಾಕ್. ರೇಸಿಗೆ ಹದಗೊಳಿಸಿದ ಹೆಮಿ ಡೇಟೋನಾದಲ್ಲಿ ಚಾಲಕ ಬಡ್ಡಿ ಬೇಕರ್ ಗಂಟೆಗೆ 200.447 ಮೈಲಿ, ಅಂದರೆ ಸುಮಾರು 323 ಕಿ.ಮೀ. ವೇಗದಲ್ಲಿ ಸುತ್ತು ಮುಗಿಸಿದರು. ಸುತ್ತುಪಥದಲ್ಲಿ ಸ್ಟಾಕ್ ಕಾರೊಂದು 200 ಮೈಲಿಯ ಗಡಿ ದಾಟಿದ್ದು ಅದೇ ಮೊದಲು.

● ಹಳೆಯ ಮಸಲ್ ಕಾರಿನ ಗರಿಷ್ಠ ವೇಗದ ಬಗ್ಗೆ ಯಾರಾದರೂ ಪಣಕಟ್ಟಿದರೆ ಅಶ್ವಶಕ್ತಿಯನ್ನು ಕೊನೆಗೆ ಕೇಳಿ. ಆ್ಯಕ್ಸಲ್ ಅನುಪಾತ ಎಷ್ಟು, ಟೈರಿನ ವ್ಯಾಸ ಎಷ್ಟು, ಮೈ ಗಾಳಿಗೆ ಎಷ್ಟು ಅಡ್ಡ ನಿಲ್ಲುತ್ತದೆ, ಇವನ್ನು ಮೊದಲು ಕೇಳಿ.