ಆರನೆಯ ಬೆರಳು

ಮೊನ್ನೆ ಅಟ್ಟದ ಪೆಟ್ಟಿಗೆಯನ್ನು ತೆರೆದಾಗ, 1976ರಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಪುಸ್ತಕವೊಂದು ಕೈಗೆ ಬಂತು. ಇಂಗ್ಲಿಷ್ ಲೇಖಕ ಜಾನ್ ವಿಂಡಮ್ ಅವರ ‘ದಿ ಕ್ರಿಸಲಿಡ್ಸ್’, 1955ರಲ್ಲಿ ಪ್ರಕಟವಾದ ವೈಜ್ಞಾನಿಕ ಕಾದಂಬರಿ. ಹಾಳೆಗಳ ಅಂಚು ಪುಡಿಯಾಗುತ್ತಿದ್ದರೂ ಕುಳಿತಲ್ಲಿಯೇ ಮತ್ತೊಮ್ಮೆ ಓದಿದೆ.

ಕಥೆ ನಡೆಯುವುದು ಕೆನಡಾದ ಲ್ಯಾಬ್ರಡಾರ್ ಸೀಮೆಯಲ್ಲಿ, ಪ್ರಪಂಚವನ್ನು ಸುಟ್ಟ ಮಹಾವಿಪತ್ತೊಂದರ ಎಷ್ಟೋ ತಲೆಮಾರುಗಳ ಅನಂತರ. ಅದು ಅಣುಯುದ್ಧವೆಂದು ಲೇಖಕರು ಬಾಯಿಬಿಟ್ಟು ಹೇಳುವುದಿಲ್ಲ, ನಮಗೆ ತಿಳಿಯುತ್ತದೆ. ವಾಕ್ನುಕ್ ಎಂಬ ಆ ಊರು ಹೊರನೋಟಕ್ಕೆ ಹೊಲ, ದನ, ಪ್ರಾರ್ಥನೆಗಳ ಸಜ್ಜನರ ಊರು. ಆದರೆ ಬೆಳೆ ವಿಕಾರವಾದರೆ ಹೊಲಕ್ಕೆ ಬೆಂಕಿ, ಕರು ವಿಕಾರವಾದರೆ ಅದಕ್ಕೆ ಕತ್ತಿ. ಹುಟ್ಟಿದ ಶಿಶುವೂ ಅಧಿಕಾರಿಯಿಂದ ಪ್ರಮಾಣಪತ್ರ ಪಡೆದರೆ ಮಾತ್ರ ಮನುಷ್ಯ!

ಬಾಲಕ ಡೇವಿಡ್‌ನಿಗೆ ಸೋಫಿ ಎಂಬ ಗೆಳತಿ ಸಿಗುತ್ತಾಳೆ. ಆಟವಾಡುವಾಗ ಅವಳ ಕಾಲು ಕಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಬೂಟು ಬಿಚ್ಚಿದರೆ ಪಾದದಲ್ಲಿ ಆರು ಬೆರಳು. ಅವನು ಗುಟ್ಟು ಕಾಯುತ್ತಾನೆ. ಮುಂದೊಂದು ದಿನ ಹೊಳೆಯ ಬಂಡೆಯ ಮೇಲೆ ಉಳಿದ ಒದ್ದೆ ಹೆಜ್ಜೆಯೊಂದು ಬೇರೊಬ್ಬ ಹುಡುಗನ ಕಣ್ಣಿಗೆ ಬೀಳುತ್ತದೆ. ತಂದೆಯ ಚಾಟಿಯೇಟು ತಾಳಲಾರದೆ ಡೇವಿಡ್ ಬಾಯಿಬಿಡುತ್ತಾನೆ. ಆ ಪುಟದ ಅಂಚಿನಲ್ಲಿ “ಎಂಥ ಕ್ರೂರ ಜನ!” ಎಂದು ಅಂದು ಪೆನ್ಸಿಲಿನಿಂದ ಬರೆದಿದ್ದೇನೆ. ಮುಂದಿನ ಪಲಾಯನ, ಬೆನ್ನಟ್ಟುವಿಕೆಗಳೆಲ್ಲ ಹುಡುಗರಿಗೆ ಹಿಡಿಸುವ ಸಾಹಸ. ಕೊನೆಯಲ್ಲಿ ರಕ್ಷಿಸಲು ಬಂದವರೇ ನಿರ್ದಾಕ್ಷಿಣ್ಯವಾಗಿ ಕೊಲ್ಲುವುದು ಮಾತ್ರ ನನಗೆ ಅಂದೂ ಒಪ್ಪಿಗೆಯಾಗಲಿಲ್ಲ, ಇಂದೂ ಇಲ್ಲ.

ಪುಸ್ತಕ ಓದಿದ ಮರುವರ್ಷವೇ ನಡೆದ ಸಂಗತಿಯನ್ನು ಈವರೆಗೆ ಯಾರಿಗೂ ಹೇಳಿಲ್ಲ. ನಾನಾಗ ಹಳ್ಳಿಯೊಂದರ ಶಾಲೆಯಲ್ಲಿ ಮೇಷ್ಟ್ರು. ಖೋಖೋ ಆಟಕ್ಕೆ ಎಲ್ಲರೂ ಬರಿಗಾಲಲ್ಲಿ ನಿಂತಿದ್ದರು; ಒಬ್ಬ ಹುಡುಗ ಮಾತ್ರ ಕ್ಯಾನ್ವಾಸ್ ಬೂಟು ಬಿಚ್ಚಲೊಲ್ಲ. “ಬ್ಯಾಡ ಸಾರ್” ಎಂದ. ನನಗೆ ಅದು ಉದ್ಧಟತನವೆನಿಸಿತು. “ತೆಗೆಯೋ!” ಎಂದು ಗದರಿದೆ. ತೆಗೆದ. ಯಾರೋ ಗಟ್ಟಿಯಾಗಿ ಎಣಿಸತೊಡಗಿದರು: ಒಂದು, ಎರಡು... ಆರಕ್ಕೆ ಬರುವಷ್ಟರಲ್ಲಿ ಮೈದಾನವೆಲ್ಲ ನಗುತ್ತಿತ್ತು. ತಡೆಯಬಹುದಿತ್ತು. ಓದುಗ ಮಿತ್ರರೇ, ನನ್ನ ತುಟಿಯ ಮೇಲೂ ನಗುವಿತ್ತು.

ಮೂರು ದಿನ ಅವನು ಶಾಲೆಗೆ ಬರಲಿಲ್ಲ. ಮನೆಗೆ ಹೋದೆ. ತಾಯಿ ಮಜ್ಜಿಗೆ ಕೊಟ್ಟರು. ಹುಡುಗ ಬಾಗಿಲ ಹಿಂದೆಯೇ ಉಳಿದ. ಜಗಲಿಯಲ್ಲಿದ್ದ ಅಜ್ಜಿ ಸಿಟ್ಟಿಲ್ಲದೆ ಹೇಳಿದರು: “ಆರು ಬೆರಳಿದ್ದೋನಿಗೆ ಅದೃಷ್ಟ ಅಂತ ದಿನಾ ಹೇಳ್ತಿದ್ದೆ ಮೇಷ್ಟ್ರೇ. ಈಗೀಗ ನಂಬೋಕೆ ಶುರು ಮಾಡಿದ್ದ.”

ಸೋಮವಾರ ಬಂದ. ಬೂಟು ಹಾಕಿಕೊಂಡೇ ಬಂದ. ಹಾಜರಿ ಕರೆದಾಗ ತಲೆಯೆತ್ತದೆ ಓಗೊಟ್ಟ. ಕ್ಷಮೆ ಕೇಳಬೇಕೆಂದು ವರ್ಷವಿಡೀ ಅಂದುಕೊಂಡೆ. ಬೇಸಿಗೆ ರಜೆ ಬಂತು. ಏಳನೆಯ ತರಗತಿ ಮುಗಿಸಿ ಅವನು ಸೋದರಮಾವನ ಊರಿಗೆ ಓದಲು ಹೋದ.