ನನ್ನ ಬಣ್ಣದ ಗೀಳು

ಹವ್ಯಾಸವೆಂಬುದು ಉಳ್ಳವರ ಸೊತ್ತು ಎಂಬ ನಂಬುಗೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಹೊಟ್ಟೆ ತುಂಬಿದವನಿಗೆ ಹಾಡು, ಬಿಡುವಿದ್ದವನಿಗೆ ಚಿತ್ರ, ಉಳಿದವರಿಗೆ ದುಡಿತ—ಹೀಗೊಂದು ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲವಾದರೂ ಎಲ್ಲರೂ ಒಪ್ಪಿಕೊಂಡಂತಿದೆ. ಮನೆತನದಲ್ಲೇ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರ ವಿಷಯದಲ್ಲಂತೂ ಈ ಲೆಕ್ಕ ಇನ್ನೂ ಬಿಗಿಯಾದದ್ದು. ನಾವು ಓದುವ ಒಂದೊಂದು ಗಂಟೆಗೂ ಮನೆಯಲ್ಲಿ ಯಾರಾದರೊಬ್ಬರು ಬಿಸಿಲಲ್ಲಿ ನಿಂತು ಬೆಲೆ ತೆತ್ತಿರುತ್ತಾರೆ. ಅಂಥ ಗಂಟೆಗಳಲ್ಲಿ ಕೆಲವನ್ನು ನಾನು ಎರಡು ವರ್ಷಗಳಿಂದ ಬಣ್ಣ ಕಲಸುವುದರಲ್ಲಿ ವೆಚ್ಚಮಾಡುತ್ತಿದ್ದೇನೆ. ಇದು ತರವೇ ಅಲ್ಲವೇ ಎಂಬುದನ್ನು ಸಹಪಾಠಿಗಳ ಮುಂದೆಯೂ ಗುರುಹಿರಿಯರ ಮುಂದೆಯೂ ಇಟ್ಟು ವಿಚಾರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ನನ್ನ ಚಿತ್ರಕಲೆಯ ಆರಂಭವು ನಿಮ್ಮೆಲ್ಲರ ಆರಂಭದಂತೆಯೇ ಆಯಿತು. ಪ್ರಾಥಮಿಕ ಶಾಲೆಯಲ್ಲಿ ಶನಿವಾರದ ಕೊನೆಯ ಅವಧಿಗೆ ಮಾಸ್ತರರು, "ಚಿತ್ರ ತೆಗೀರಿ" ಎಂದು ಹೇಳಿ ತಮ್ಮ ಹಾಜರಿ ಪುಸ್ತಕದಲ್ಲಿ ಮುಳುಗುತ್ತಿದ್ದರು. ನಲವತ್ತು ಮಕ್ಕಳು ತೆಗೆಯುತ್ತಿದ್ದುದು ಒಂದೇ ಚಿತ್ರ: ಎರಡು ಮೊನಚು ಬೆಟ್ಟ, ಅವುಗಳ ನಡುವೆ ಹುಟ್ಟುವ ಸೂರ್ಯ, ಕೆಳಗೆ ಹರಿಯುವ ಹೊಳೆ, ದಂಡೆಯಲ್ಲಿ ಒಂದು ಗುಡಿಸಲು, ಅದರ ಪಕ್ಕದಲ್ಲಿ ಬಾಗಿದ ತೆಂಗಿನ ಮರ. ಆ ಬೆಟ್ಟಗಳನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ನಮ್ಮ ಸಿರವಾರದ ಸುತ್ತ ಕಣ್ಣು ಹಾಯುವಷ್ಟು ದೂರವೂ ಬಯಲು ನಾಡು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಕಡೆ ಭತ್ತದ ಗದ್ದೆ. ಬಾರದ ಕಡೆ ಹತ್ತಿ, ಜೋಳ, ತೊಗರಿ. ಅಲ್ಲಲ್ಲಿ ಯಾರೋ ತಂದು ಸುರಿದಂತೆ ದುಂಡು ಬಂಡೆಗಳು. ಇವು ಯಾವುವೂ ನಮ್ಮ ಶನಿವಾರದ ಚಿತ್ರದೊಳಗೆ ಬರಲಿಲ್ಲ. ಚಿತ್ರವೆಂದರೆ ಬೇರೆಲ್ಲಿಯೋ ಇರುವ ಊರಿನದು ಎಂದು ನಾವು ತಿಳಿದಿದ್ದೆವು.

ಹೈಸ್ಕೂಲಿಗೆ ಬಂದ ಮೇಲೆ ಆ ಶನಿವಾರವೂ ಹೋಯಿತು. ನಾನು ಓದಿದ ಶಾಲೆಯಲ್ಲಿ ಚಿತ್ರಕಲೆಗೆ ಮಾಸ್ತರರು ಇರಲಿಲ್ಲ. ಆ ಅವಧಿಯನ್ನು ಗಣಿತ ನುಂಗಿತು. ಹತ್ತನೆಯ ತರಗತಿ, ಆಮೇಲೆ ಪಿ. ಯು. ಸಿ., ಅವುಗಳ ನಡುವೆ ನಾಟಿಯ ಕಾಲದಲ್ಲಿ ಅವ್ವನೊಂದಿಗೆ ಕೂಲಿ—ಇಷ್ಟರಲ್ಲಿ ಬಣ್ಣದ ನೆನಪೇ ಉಳಿಯಲಿಲ್ಲ. ಮನೆಯಲ್ಲಿ ಗೆರೆ ಎಳೆಯುತ್ತಿದ್ದವಳು ಅವ್ವ ಒಬ್ಬಳೇ. ಅಕ್ಷರವನ್ನರಿಯದ ಅವಳು ಬೆಳಗಿನ ಜಾವ ಅಂಗಳಕ್ಕೆ ನೀರು ಹೊಡೆದು ಹದಿನೈದು ಚುಕ್ಕಿಯ ರಂಗೋಲಿಯನ್ನು ಅಳತೆಪಟ್ಟಿಯಿಲ್ಲದೆ, ಅಳಿಸದೆ, ಒಂದೇ ಉಸಿರಿನಲ್ಲಿ ಹಾಕಿ ಮುಗಿಸುತ್ತಿದ್ದಳು. ಅದನ್ನು ಯಾರೂ ಕಲೆಯೆನ್ನಲಿಲ್ಲ. ಅಂಗಳದ ಕೆಲಸ ಎಂದರು.

ಬಣ್ಣ ಮತ್ತೆ ನನ್ನ ಕೈಗೆ ಬಂದುದು ಬಿ. ಎ. ಮೊದಲನೆಯ ವರ್ಷ ಮುಗಿದ ಬೇಸಿಗೆಯಲ್ಲಿ. ನನ್ನ ತಮ್ಮನಿಗೆ ಶಾಲೆಯ ಓಟದ ಸ್ಪರ್ಧೆಯಲ್ಲಿ ಬಹುಮಾನವೆಂದು ಒಂದು ಬಣ್ಣದ ಡಬ್ಬಿ ದೊರೆತಿತ್ತು. ಹನ್ನೆರಡು ಬಿಲ್ಲೆಗಳಲ್ಲಿ ಕೆಂಪೊಂದೇ ಸವೆದಿತ್ತು. ಏಕೆಂದರೆ ಅವನು ಬರೆಯುತ್ತಿದ್ದುದು ಟ್ರ್ಯಾಕ್ಟರುಗಳನ್ನು ಮಾತ್ರ. ಅವನ ಉತ್ಸಾಹ ಒಂದು ವಾರಕ್ಕೆ ತೀರಿತು. ಡಬ್ಬಿ ಮಾಡದ ಮೇಲೇರಿ ಧೂಳು ತಿನ್ನುತ್ತಿತ್ತು. ಒಂದು ಮಧ್ಯಾಹ್ನ, ಹೊರಗೆ ಕಾಲಿಡಲಾಗದ ನಮ್ಮ ಸೀಮೆಯ ಬಿಸಿಲಿನಲ್ಲಿ, ಮಾಡಲು ಬೇರೇನೂ ತೋಚದೆ ಅದನ್ನು ಇಳಿಸಿ ಕುಳಿತೆ. ಯಾವ ಮಹತ್ತಾದ ಪ್ರೇರಣೆಯೂ ಅಲ್ಲಿರಲಿಲ್ಲವೆಂದು ಮೊದಲೇ ಹೇಳಿಬಿಡುವುದು ಲೇಸು.

ಮನೆಯಲ್ಲಿ ಇದರ ಸ್ವಾಗತ ಹೇಗಾಯಿತೆಂಬುದನ್ನು ನೀವೇ ಊಹಿಸಬಲ್ಲಿರಿ. ಅಪ್ಪ ಹೊಲದಿಂದ ಬಂದು, ಕೈಕಾಲು ತೊಳೆದು, ನನ್ನ ಕಾಗದವನ್ನು ಒಮ್ಮೆ ನೋಡಿ ಕೇಳಿದರು: "ಏನವ್ವಾ, ಇದರಿಂದ ಏನ್ ಬರ್ತೈತಿ?" ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಬೀಜ ತರುವಾಗ, ಗೊಬ್ಬರ ಕೊಳ್ಳುವಾಗ ಅವರು ಅಂಗಡಿಯವನನ್ನು ಕೇಳುವುದೂ ಅದೇ ಪ್ರಶ್ನೆ. ಓಣಿಯ ಹಿರಿಯರೊಬ್ಬರು, "ಬೋರ್ಡ್ ಬರ್ಯಾಕ ಬಂದರ ನಾಕು ದುಡ್ಡು ಸಿಗ್ತಾವು ಬಿಡು" ಎಂದು ಸಮಾಧಾನ ಹೇಳಿದರು. ಬೋರ್ಡುಗಳನ್ನು ಈಗ ಯಂತ್ರವೇ ಅಚ್ಚುಹಾಕಿ ಕೊಡುತ್ತದೆ ಎಂಬುದು ಅವರಿಗೂ ಗೊತ್ತು. ಅಂದು ನಾನು ಯಾರಿಗೂ ಉತ್ತರ ಕೊಡಲಿಲ್ಲ. ಉತ್ತರ ನನ್ನ ಬಳಿಯಿರಲಿಲ್ಲ.

ನೀರಿನ ಬಣ್ಣದ ಸ್ವಭಾವವೇ ವಿಚಿತ್ರವಾದುದು. ಅದರಲ್ಲಿ ಬಿಳುಪೆಂದರೆ ಕಾಗದವೇ. ಬೆಳಕು ಬೇಕಾದ ಕಡೆ ಏನನ್ನೂ ಬಳಿಯದೆ ಬಿಡಬೇಕು. ತಿಳಿಬಣ್ಣವನ್ನು ಮೊದಲು ಹಾಕಿ, ಅದು ಒಣಗುವ ತನಕ ಕಾಯ್ದು, ಮೇಲೆ ಗಾಢವಾದುದನ್ನು ಹಾಕಬೇಕು. ಅವಸರಪಟ್ಟರೆ ಎರಡೂ ಸೇರಿ ರಾಡಿ. ನಮ್ಮ ಬೇಸಿಗೆಯಲ್ಲಿಯಂತೂ ಕುಂಚವನ್ನು ಡಬ್ಬಿಯಿಂದ ಕಾಗದಕ್ಕೆ ಒಯ್ಯುವಷ್ಟರಲ್ಲಿ ಅದರ ತುದಿ ಒಣಗಿರುತ್ತದೆ. ಇದನ್ನೆಲ್ಲ ಹೇಳಿಕೊಡುವವರು ಯಾರೂ ಇರಲಿಲ್ಲ. ಕಾಗದಗಳೇ ಕೆಟ್ಟು ಕೆಟ್ಟು ಕಲಿಸಿದವು.

ಆದರೆ ನನಗೆ ನಿಜವಾದ ಪಾಠವಾದುದು ಮಣ್ಣಿನಿಂದ. ಎರೆಭೂಮಿ ಕರಿಯದು ಎಂದು ಹುಟ್ಟಿದಂದಿನಿಂದ ಕೇಳಿದ್ದೇನೆ. ಡಬ್ಬಿಯಲ್ಲಿದ್ದ ಕಪ್ಪನ್ನು ಬಳಿದೆ. ಹೊಲವು ಡಾಂಬರು ರಸ್ತೆಯಂತೆ ಕಂಡಿತು. ಆಗ ಹೊಲಕ್ಕೆ ಹೋಗಿ ಮಣ್ಣನ್ನು ನೋಡುತ್ತ ನಿಂತೆ. ಇಪ್ಪತ್ತು ವರ್ಷ ತುಳಿದ ಮಣ್ಣನ್ನು ಹಾಗೆ ನೋಡಿದ್ದು ಅದೇ ಮೊದಲು. ಬೇಸಿಗೆಯಲ್ಲಿ ಅದು ಬಿರಿದು ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ. ಬಿರುಕಿನ ಒಳಗೆ ಮಾತ್ರ ಕತ್ತಲು. ಒಂದು ಮಳೆ ಬಿದ್ದರೆ ನೀಲಿ ಬೆರೆತ ಕಂದು. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ನೇಗಿಲ ಸಾಲಿನ ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ನೇರಳೆ. ಮನೆಗೆ ಬಂದು ಗಾಢ ನೀಲಿಗೆ ಕೆಂಗಂದು ಬಣ್ಣವನ್ನು ಬೆರೆಸಿದೆ. ನೀರು ಕಡಮೆಯಾದರೆ ಹಸಿ ಮಣ್ಣು, ಹೆಚ್ಚಾದರೆ ಒಣ ಮಣ್ಣು—ಎರಡೂ ಅದೇ ಬೆರಕೆಯಲ್ಲಿ ದೊರೆತವು. ಕಪ್ಪು ಬಿಲ್ಲೆಯನ್ನು ಅಂದಿನಿಂದ ನಾನು ಮುಟ್ಟಿದ್ದು ಅಪರೂಪ. ಹತ್ತಿಯ ಹೂ ಅರಳಿದ ದಿನ ತಿಳಿಹಳದಿಯಾಗಿದ್ದು ಮರುದಿನ ಗುಲಾಬಿಗೆ ತಿರುಗುತ್ತದೆಂಬುದನ್ನೂ ಕುಂಚ ಹಿಡಿದ ಮೇಲೆಯೇ ಗಮನಿಸಿದೆ. ಅವ್ವನಿಗೆ ಹೇಳಿದರೆ ನಕ್ಕಳು: "ಅದ್ಯಾರಿಗೆ ಗೊತ್ತಿಲ್ಲ?"

ಹೊಲದಲ್ಲಿ ದುಡಿಯುವವರ ಕಣ್ಣಿಗೆ ಎಲ್ಲವೂ ಗೊತ್ತಿರುತ್ತದೆ. ಇದಕ್ಕೆ ಇನ್ನೊಂದು ದೃಷ್ಟಾಂತ ಮನೆಯಲ್ಲಿಯೇ ದೊರೆಯಿತು. ನಮ್ಮಲ್ಲಿ ಒಂದು ಜೋಡಿ ಎತ್ತುಗಳಿದ್ದವು. ಟ್ರ್ಯಾಕ್ಟರು ಬಾಡಿಗೆಗೆ ಸಿಗುವ ಕಾಲದಲ್ಲಿ ಎರಡೆಕರೆಗಾಗಿ ವರ್ಷವಿಡೀ ಮೇವು ಹೊಂದಿಸುವುದು ಆಗದ ಮಾತಾಯಿತು. ಹೋದ ವರ್ಷ ಅಪ್ಪ ಅವನ್ನು ಮಾರಿದರು. ಆ ಹಣದಲ್ಲಿ ಒಂದು ಪಾಲು ನನ್ನ ಓದಿಗೂ ಬಂದಿತು. ಕೊಟ್ಟಿಗೆ ಬರಿದಾದ ಮೇಲೆ ನಾನು ನೆನಪಿನಿಂದ ಆ ಜೋಡಿಯನ್ನು ಬರೆಯತೊಡಗಿದೆ: ನೊಗ ಹೊತ್ತು ಕುಂಟೆ ಎಳೆಯುತ್ತಿರುವಂತೆ. ನಾಲ್ಕಾರು ದಿನ ಹಿಡಿಯಿತು. ಅಪ್ಪ ದೀಪದ ಬೆಳಕಿನಲ್ಲಿ ಅದನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, "ಇದು ಗೂಟಕ್ಕ ಕಟ್ಟಿದ ಎತ್ತವ್ವಾ. ಎಳಿಯೋ ಎತ್ತಿನ ಕುತ್ತಿಗಿ ಕೆಳಗ ಬರ್ತೈತಿ, ಹೆಗಲು ಮ್ಯಾಲೆ ಏಳತೈತಿ, ಹಿಂಗಾಲು ನೆಲಾ ಒದೀತೈತಿ" ಎಂದು ಹೇಳಿ ನೆಲದ ಧೂಳಿನ ಮೇಲೆ ಬೆರಳಿನಿಂದ ಒಂದು ಗೆರೆಯನ್ನು ಎಳೆದರು. ಕುತ್ತಿಗೆಯಿಂದ ಬೆನ್ನಿನ ಗುಂಟ ಹಿಂಗಾಲಿಗೆ ಇಳಿದ ಒಂದೇ ಗೆರೆ. ಎಳೆತದ ಭಾರವೆಲ್ಲ ಅದರಲ್ಲಿತ್ತು. ಸಂತೆಯಲ್ಲಿ ಎತ್ತಿನ ನಡೆ ನೋಡಿ ಅದರ ಕಸುವು ಹೇಳುವ ಮನುಷ್ಯ. ಅವರ ಕಣ್ಣಿಗೆ ಆ ಗೆರೆ ಮೂವತ್ತು ವರ್ಷದಿಂದ ಗೊತ್ತಿತ್ತು. ಚಿತ್ರವನ್ನು ನಾನು ಮತ್ತೆ ಮೊದಲಿನಿಂದ ಬರೆದೆ. ಅದು ಈಗ ನಮ್ಮ ಪಡಸಾಲೆಯಲ್ಲಿ ಕ್ಯಾಲೆಂಡರಿನ ಪಕ್ಕದಲ್ಲಿದೆ. ಮೊಳೆ ಹೊಡೆದವರು ಅಪ್ಪ.

ಇದಾದ ಕೆಲವು ದಿನಗಳ ಮೇಲೆ ವಿದ್ಯಾರ್ಥಿವೇತನದ ಕಾಗದಪತ್ರಕ್ಕಾಗಿ ರಾಯಚೂರಿಗೆ ಹೋಗಬೇಕಾಯಿತು. ಬಸ್ಸಿಗೆ ಹೊತ್ತಿದ್ದುದರಿಂದ ಕೋಟೆಯನ್ನು ನೋಡಲು ಹೋದೆ. ಕ್ರಿ. ಶ. 1294ರಲ್ಲಿ, ಕಾಕತೀಯರ ಕಾಲದಲ್ಲಿ ಕಟ್ಟಿದ ಆ ಕೋಟೆಯ ಗೋಡೆಯಲ್ಲಿ 40 ಅಡಿಗೂ ಮೀರಿದ ಉದ್ದದ ಒಂದೇ ಹಾಸುಗಲ್ಲಿದ್ದು ಅದರ ಮೇಲೆ ಶಾಸನವಿದೆಯೆಂಬುದನ್ನು ನಮ್ಮ ಇತಿಹಾಸದ ಪಾಠದಲ್ಲಿ ಕೇಳಿದ್ದೇವೆ. ನನ್ನ ಕಣ್ಣು ಸೆಳೆದುದು ಶಾಸನವಲ್ಲ, ಅಲ್ಲಿ ಗೆರೆಗಳಲ್ಲಿ ಕೊರೆದ ಒಂದು ಚಿತ್ರ: ಹೆಗ್ಗಲ್ಲನ್ನು ಬಂಡಿಯ ಮೇಲೆ ಹೇರಿ, ಸಾಲುಸಾಲಾಗಿ ದನಗಳನ್ನು ಹೂಡಿ ಎಳೆಯುತ್ತಿರುವುದು. ಏಳು ನೂರು ವರ್ಷಗಳ ಹಿಂದೆ ಆ ಭಾರವನ್ನು ಕಣ್ಣಾರೆ ಕಂಡವರು ಅದನ್ನು ಕಲ್ಲಿನ ಮೇಲೆ ಬರೆದಿಟ್ಟರು. ಇನ್ನೂ ಹಿಂದೆ ಹೋದರೆ, ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಬಿಡಿಸಿದ ದನಗಳಿವೆ. ಆಲ್ಚಿನ್ ಎಂಬ ಪುರಾತತ್ತ್ವಜ್ಞರು ಅಲ್ಲಿ 1952ರಲ್ಲಿ ಅಗೆತ ನಡೆಸಿ 1960ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ನಮ್ಮ ಜಿಲ್ಲೆಯ ಜನ ಸಾವಿರಾರು ವರ್ಷಗಳಿಂದ ತಮ್ಮ ಬಗಲಲ್ಲಿದ್ದ ದನಗಳನ್ನೇ ಬರೆಯುತ್ತ ಬಂದಿದ್ದಾರೆ. ಶನಿವಾರದ ಮೊನಚು ಬೆಟ್ಟ ನಮ್ಮ ಕೈಗೆ ಬಂದುದು ತೀರ ಈಚೆಗೆ.

ಹಿಂದುಳಿದ ಸೀಮೆಯೆಂದು ನಮ್ಮನ್ನು ನಾವೇ ಕರೆದುಕೊಳ್ಳುವುದು ವಾಡಿಕೆ. ಚಿತ್ರಕಲೆಯ ಮಟ್ಟಿಗೆ ಅದು ಸಲ್ಲದ ಮಾತು. ದೇವದುರ್ಗವನ್ನು ದಾಟಿ ಕೃಷ್ಣೆಯ ಆಚೆಗೆ ಹೋದರೆ ಸುರಪುರ. ಅಲ್ಲಿಯ ನಾಯಕ ಅರಸರ ಆಶ್ರಯದಲ್ಲಿ ಚಿನ್ನದ ರೇಕುಗಳಿಂದ ಮೆರೆಯುವ ಒಂದು ಚಿತ್ರಸಂಪ್ರದಾಯವೇ ಬೆಳೆಯಿತು. ಕಲಬುರ್ಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಸಿನಿಮಾದ ಭಿತ್ತಿಚಿತ್ರಗಳನ್ನೂ ದೇವದೇವಿಯರ ಚಿತ್ರಗಳನ್ನೂ ಬರೆದರು. ಅವು ಕ್ಯಾಲೆಂಡರುಗಳಾಗಿ ಮನೆಮನೆಯ ಗೋಡೆ ಸೇರಿದವು. ಗ್ಯಾಲರಿಯ ಹೆಸರನ್ನೇ ಕೇಳದವರ ಮನೆಗೂ ಚಿತ್ರ ಹೀಗೆ ತಲುಪಿತು.

ಕಲಾವಿದರಾಗಿ ಬೆಳೆಯುವುದೆಂದರೆ ಏನು? ಕೈ ಪಳಗುವುದು ಎಂದು ಮೊದಲು ನಾನು ತಿಳಿದಿದ್ದೆ. ಕೈ ಪಳಗಲೇ ಬೇಕು, ನಿಜ. ಆದರೆ ಕೈಗಿಂತ ಮುಂಚೆ ಕಣ್ಣು ಪಳಗಬೇಕು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದವರು. ಅಂಥವರು ಲಯವನ್ನು ಅರಿಯಬೇಕೆಂದು ಕಥಕ್ ನೃತ್ಯವನ್ನು ಅಭ್ಯಾಸಮಾಡಿದರು. ಕುಣಿಯುವ ದೇಹವನ್ನು ಒಳಗಿನಿಂದ ಬಲ್ಲವರಿಗೆ ಅದರ ಗೆರೆ ಸಿಕ್ಕುತ್ತದೆ. ಉತ್ತವರಿಗೆ ಎತ್ತಿನ ಗೆರೆ ಸಿಕ್ಕಂತೆ. ಇನ್ನು ತಡವಾಯಿತೆಂದು ಕೊರಗುವವರು ರವೀಂದ್ರನಾಥ ಠಾಕೂರರನ್ನು ನೆನೆಯಬೇಕು. 1861ರಲ್ಲಿ ಹುಟ್ಟಿದ ಅವರು ಚಿತ್ರಕಲೆಯನ್ನು ಗಂಭೀರವಾಗಿ ಕೈಗೊಂಡುದು ಅರವತ್ತು ದಾಟಿದ ಮೇಲೆ. ಕವಿತೆಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಅಕ್ಷರಗಳ ಗೀಚುಗಳನ್ನೇ ಒಂದಕ್ಕೊಂದು ಕೂಡಿಸುತ್ತ ಹೋಗಿ ಅವರ ಚಿತ್ರಗಳು ಮೂಡಿದವು. ಅವುಗಳ ಮೊದಲ ಪ್ರದರ್ಶನ ನಡೆದುದು 1930ರಲ್ಲಿ, ಪ್ಯಾರಿಸಿನಲ್ಲಿ. ಅವರ ಮುಂದೆ ನಮ್ಮ ಇಪ್ಪತ್ತು ವರ್ಷ ಯಾವ ಲೆಕ್ಕ?

ಅಪ್ಪನ ಪ್ರಶ್ನೆಗೆ ಮರಳುತ್ತೇನೆ. ಇದರಿಂದ ಏನು ಬರುತ್ತದೆ? ಚಿತ್ರ ಬರೆದದ್ದರಿಂದ ನನ್ನ ಅಂಕಗಳು ಏರಿದವೆಂದು ಹೇಳಿದರೆ ಅಧ್ಯಾಪಕರು ನಗುತ್ತಾರೆ. ಅವು ಏರಿಲ್ಲ, ಇಳಿದೂ ಇಲ್ಲ. ಹಣ ಬಂದಿಲ್ಲ. ಬರುವ ಪರೀಕ್ಷೆ ಮುಗಿಸಿ, ಬಿ. ಎಡ್. ಓದಿ, ಒಂದು ನೌಕರಿ ಹಿಡಿಯುವುದೇ ನನ್ನ ಮುಂದಿರುವ ದಾರಿ. ಅದನ್ನು ಬಿಡುವಷ್ಟು ಭ್ರಮೆ ನನಗಿಲ್ಲ. ಆದರೆ ಓದಿನಿಂದ ನನಗಾಗುತ್ತಿದ್ದ ಒಂದು ಹಾನಿಯನ್ನು ಈ ಗೀಳು ತಡೆದಿದೆ. ಮನೆಯಲ್ಲಿ ಮೊದಲು ಓದಿದವರು ಒಂದೊಂದು ತರಗತಿ ಏರಿದಂತೆ ಮನೆಯಿಂದ ಒಂದೊಂದು ಮಾರು ದೂರ ಸರಿಯುತ್ತೇವೆ. ನಾನು ಓದುವ ಪುಸ್ತಕದ ಬಗ್ಗೆ ಅಪ್ಪ ಕೇಳಲಾರರು, ನಾನೂ ಹೇಳಲಾರೆ. ಅವರಿಗೆ ಗೊತ್ತಿರುವುದಕ್ಕೆ ನನ್ನ ಪರೀಕ್ಷೆಯಲ್ಲಿ ಅಂಕವಿಲ್ಲ. ಚಿತ್ರದ ಕಾಗದದ ಮುಂದೆ ಮಾತ್ರ ಅವರು ಗುರು, ನಾನು ಶಿಷ್ಯೆ. ಎರಡು ವರ್ಷದಲ್ಲಿ ನಾವಿಬ್ಬರೂ ಆಡಿದ ದೀರ್ಘ ಮಾತುಗಳೆಲ್ಲ ಎತ್ತಿನ ಹೆಗಲು, ಮೋಡದ ಬಣ್ಣ, ಕಾಲುವೆಯ ನೀರಿನ ತಿರುವು ಇವುಗಳ ಮೇಲೆಯೇ. ಅವ್ವನ ಹದಿನೈದು ಚುಕ್ಕಿಯನ್ನು ಈಗ ನಾನು ಅಂಗಳದ ಕೆಲಸವೆನ್ನುವುದಿಲ್ಲ. ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದೇನೆ, ಇನ್ನೂ ಒಂಬತ್ತು ಚುಕ್ಕಿ ದಾಟಿಲ್ಲ.

ಕೊನೆಗೊಂದು ಅರಿಕೆ. ನಮ್ಮ ಕಾಲೇಜಿನಲ್ಲಿ ಹಾಡುವವರಿಗೆ ಸಭೆಯುಂಟು, ಆಡುವವರಿಗೆ ಬಯಲುಂಟು. ಚಿತ್ರ ಬರೆಯುವವರು ಮಾತ್ರ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಅಡಗಿದ್ದಾರೆ. ಅಂಥವರು ಒಂದು ಹತ್ತು ಜನರಾದರೂ ಇದ್ದಾರೆಂಬುದನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಕಂಡುಕೊಂಡಿದ್ದೇನೆ, ಹೆಸರು ಹೇಳುವುದಿಲ್ಲ. ವಾರಕ್ಕೊಂದು ಸಂಜೆ ಒಂದು ಕೋಣೆಯ ಬಾಗಿಲನ್ನು ತೆರೆದಿಟ್ಟರೆ ಸಾಕು. ಕಾಗದ, ಬಣ್ಣ ನಾವೇ ತರುತ್ತೇವೆ. ನಾನು ಈ ವರ್ಷ ಕಾಲೇಜು ಬಿಡುವವಳು. ಕೋಣೆ ದೊರೆತರೆ ನನ್ನ ಹಿಂದೆ ಬರುವವರಿಗೆ ದೊರೆಯಲಿ. ಅಲ್ಲಿ ಮೊದಲ ದಿನ ಬಂದವರು ಎರಡು ಮೊನಚು ಬೆಟ್ಟವನ್ನೇ ಬರೆದರೂ ಚಿಂತೆಯಿಲ್ಲ. ಕಿಟಕಿಯೊಂದು ಹೊಲದ ಕಡೆಗಿರಲಿ.