ಗೊತ್ತಿದ್ದೂ ಆಡದ ಮಾತು

ಯಥಾರ್ಥವಾದಿ ಲೋಕವಿರೋಧಿ ಎಂಬ ಗಾದೆಯನ್ನು ನಮ್ಮ ತ್ಯಾವಣಿಗೆಯಲ್ಲಿ ಮಕ್ಕಳೂ ಬಲ್ಲರು. ಯಥಾರ್ಥವನ್ನು ಆಡುವವರು ಮಾತ್ರ ವಿರಳ. ಭದ್ರಾ ನಾಲೆಯ ನೀರು ಕೊನೆಯ ಗದ್ದೆಗೆ ಬಾರದಿದ್ದರೆ, ನಡುವೆ ಅದನ್ನು ಎತ್ತಿಕೊಂಡವರು ಯಾರೆಂಬುದು ಅರಳಿಕಟ್ಟೆಗೆ ತಿಳಿದೇ ಇರುತ್ತದೆ. ಕಟ್ಟೆಯ ಮೇಲೆ ಎಲ್ಲರೂ ಸಾಕ್ಷಿಗಳೇ. ಸಾಹೇಬರು ಬಂದು ವಿಚಾರಿಸಿದಾಗ ಎಲ್ಲರಿಗೂ ಮರೆವು! ಇಂಥ ಮಾತನ್ನು ಹುಡುಕಿ, ಪರೀಕ್ಷಿಸಿ, ಹೆಸರು ಸಹಿತ ಅಚ್ಚು ಹಾಕಿಸುವುದು ಎಂಟೆದೆಯ ಕೆಲಸ.

ಆ ಕೆಲಸಕ್ಕೆ ಕೈಹಾಕಿದವರಲ್ಲಿ ಗೌರಿ ಲಂಕೇಶರು ನನಗೆ ಮೊದಲು ನೆನಪಾಗುತ್ತಾರೆ. ಅವರ ತಂದೆ ಪಿ. ಲಂಕೇಶರು ಶಿವಮೊಗ್ಗದ ಕೊನಗವಳ್ಳಿಯವರು. ನಮ್ಮ ಚನ್ನಗಿರಿಯೂ 1997ರ ವರೆಗೆ ಅದೇ ಜಿಲ್ಲೆಯಲ್ಲಿತ್ತಾದ್ದರಿಂದ ನಮಗೆ ತುಸು ಅಭಿಮಾನ. 1980ರಲ್ಲಿ ಅವರು ಆರಂಭಿಸಿದ ವಾರಪತ್ರಿಕೆ ಜಾಹೀರಾತನ್ನು ಮುಟ್ಟದೆ ಓದುಗರ ಕಾಸಿನಿಂದಲೇ ಬದುಕಿತು. 2000ದಲ್ಲಿ ತಂದೆ ತೀರಿಕೊಂಡಾಗ ಮಗಳು ಸಂಪಾದಕಿಯಾದರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಪಳಗಿದ ಕೈ, 38ರ ವಯಸ್ಸಿನಲ್ಲಿ ಕನ್ನಡವನ್ನು ಹೊಸದಾಗಿ ತಿದ್ದತೊಡಗಿತು. 2005ರಲ್ಲಿ ಅವರು ತಮ್ಮ ಹೆಸರಿನದೇ ವಾರಪತ್ರಿಕೆಯನ್ನು ತೆರೆದರು.

"ಜಾಹೀರಾತಿಲ್ಲದ ಪತ್ರಿಕೆ ಎಂದರೆ ಮೂಗುದಾರವಿಲ್ಲದ ಎತ್ತು, ಸ್ವಾಮಿ; ಯಾರ ಹೊಲಕ್ಕೆ ಬೇಕಾದರೂ ನುಗ್ಗೀತು" ಎಂದರು ನಮ್ಮೂರ ಅಡಿಕೆ ವ್ಯಾಪಾರಿಯೊಬ್ಬರು. ಮಾತು ತೀರ ತಳ್ಳಿಹಾಕುವಂಥದಲ್ಲ. ಬರೆದುದನ್ನು ರುಜುವಾತು ಮಾಡುವ ಹೊಣೆ ಬರೆದವರದೇ. 2008ರ ಒಂದು ವರದಿಗಾಗಿ 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯವು ಮಾನನಷ್ಟದ ಮೊಕದ್ದಮೆಯಲ್ಲಿ ಗೌರಿಯವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿತು; ಅವರು ಜಾಮೀನು ಪಡೆದರು. ಪತ್ರಿಕೆಗೆ ಕಾನೂನೆಂಬ ಮೂಗುದಾರ ಇದ್ದೇ ಇದೆ. ಅದು ಸಾಲದೆಂದು ಬಂದೂಕು ಹಿಡಿಯುವುದು ಯಾವ ನ್ಯಾಯ? 2017ರ ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನಲ್ಲಿ ತಮ್ಮ ಮನೆಯ ಬಾಗಿಲಲ್ಲೇ ಅವರು ಗುಂಡಿಗೆ ಬಲಿಯಾದರು.

ದೂರದ ಚಿಲಿಯಲ್ಲಿ, ಪಿನೋಷೆಯ ಸರ್ವಾಧಿಕಾರದಲ್ಲಿ, ಮೋನಿಕಾ ಗೊನ್ಸಾಲೆಸ್ ಎಂಬಾಕೆ ಇಂಥದೇ ಬರಹಕ್ಕಾಗಿ ಸೆರೆಮನೆ ಕಂಡರು. ಆದರೆ ಅವರು ಸರ್ವಾಧಿಕಾರ ಕಳೆದುದನ್ನೂ ಕಂಡರು. 2010ರಲ್ಲಿ ಯುನೆಸ್ಕೊ ಸಂಸ್ಥೆಯ ಪತ್ರಿಕಾ ಸ್ವಾತಂತ್ರ್ಯ ಪ್ರಶಸ್ತಿಯನ್ನೂ ಪಡೆದರು. ಗೌರಿಯವರಿಗೆ ಅಷ್ಟು ಆಯುಸ್ಸು ದೊರೆಯಲಿಲ್ಲ.

ಅವರ ಕೊನೆಯ ಸಂಪಾದಕೀಯದ ವಿಷಯ ಸುಳ್ಳು ಸುದ್ದಿ. ಈಗ ಸುದ್ದಿಯು ಪುಕ್ಕಟೆಯಾಗಿ ಅಂಗೈಯ ಫೋನಿಗೇ ಬಂದು ಬೀಳುತ್ತದೆ. ಪುಕ್ಕಟೆ ಬಂದುದಕ್ಕೆ ಬೆಲೆ ಕೊಟ್ಟವರು ಯಾರೆಂದು ಸಂತೆಯಲ್ಲಿ ಬದನೆಕಾಯಿಯನ್ನು ತಿರುವಿ ನೋಡುವ ನಾವು ಕೇಳುವುದಿಲ್ಲ. ನಿಜವಾದ ಸುದ್ದಿಗೆ ಓದುಗನು ಕಾಸು ಕೊಡದಿದ್ದರೆ, ಅದರ ಬೆಲೆಯನ್ನು ಬರೆದವರೊಬ್ಬರೇ ತೆರಬೇಕಾಗುತ್ತದೆ.